ಭಾನುವಾರದ ಹಡಗು

ಜನವರಿ 7, ಭಾನುವಾರ, ಬೆಳಿಗ್ಗೆ

ಇವತ್ತೂ ಸ್ಟಾರ್ಟ್ ಆಗಲಿಲ್ಲ. ಚೋಕ್ ಎಳೆದೆ, ಕೀ ತಿರುಗಿಸಿದೆ, ಬಟನ್ ಒತ್ತಿದೆ. ಒಳಗೆಲ್ಲೋ ಒಂದು ನರಳಾಟ, ಅಷ್ಟೇ. ಎರಡನೇ ಸಲ ಅದೂ ಇಲ್ಲ. ಬ್ಯಾಟರಿ ಸತ್ತಿದೆ. ಅಷ್ಟು ನನಗೂ ಗೊತ್ತಾಗುತ್ತದೆ, ಇವರ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ.

ಇವರು ಶೆಡ್ಡಿನಲ್ಲೇ, ವೀಲ್‌ಚೇರಿನಲ್ಲಿ, ಕಾರಿನ ಮುಂದಿನ ಮಡ್‌ಗಾರ್ಡಿನ ಪಕ್ಕ. ಅಲ್ಲೇ ಬೇಕು. ಬೇರೆ ಕಡೆ ನಿಲ್ಲಿಸಿದರೆ ಮುಖ ಗಂಟು. ಸ್ವೆಟರ್, ಶಾಲು, ಮಂಕಿ ಕ್ಯಾಪ್ ಎಲ್ಲ ಹಾಕಿ ಕೂರಿಸಿದ್ದೆ. ಬಿಸಿಲು ಬಂದ ಮೇಲೂ ಒಳಗೆ ಬರಲು ಒಪ್ಪಲಿಲ್ಲ.

ಪ್ಲಿಮತ್, 1948ರದು. ಅಮೆರಿಕದ ಗಾಡಿ, ವಯಸ್ಸಿನಲ್ಲಿ ಇವರಿಗಿಂತ ಹಿರಿದು. ಬಾನೆಟ್ ತುದಿಯಲ್ಲಿ ಪುಟ್ಟ ಹಾಯಿಹಡಗಿನ ಬೊಂಬೆ. ಹಾಗಾಗಿ ನಮ್ಮ ಮನೆಯಲ್ಲಿ ಅದರ ಹೆಸರು ಹಡಗು. ವಡೋದರಾದ ಯಾರದೋ ಬಂಗಲೆಯ ಹಿತ್ತಿಲಲ್ಲಿ ಸಿಕ್ಕಿದಾಗ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ನಾನು ಆಗ ಬಸುರಿ. ಮಗುವಿಗೆ ತೊಟ್ಟಿಲು ತರುವ ಮೊದಲೇ ಈ ಮನುಷ್ಯ ಇದನ್ನು ಲಾರಿಯ ಮೇಲೆ ಹೇರಿಕೊಂಡು ಬಂದರು. ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಓಡತೊಡಗಿದ ಮೇಲೆ ಶುರುವಾದದ್ದು ಈ ಭಾನುವಾರದ ವ್ರತ. ತಿಂಡಿಯಾದ ಕೂಡಲೇ ಸ್ಟಾರ್ಟ್ ಮಾಡಬೇಕು. ಹಬ್ಬವಿರಲಿ, ಗ್ರಹಣವಿರಲಿ. “ಸುಮ್ನೆ ನಿಲ್ಸಿಟ್ರೆ ರಬ್ಬರೆಲ್ಲ ಒಣಗಿ ಹೋಗುತ್ತೆ ಕಣೇ. ಗಾಡಿ ಸಾಯುತ್ತೆ.” ಎಷ್ಟು ಸಲ ಕೇಳಿದ್ದೇನೋ. ಎಷ್ಟು ಸಲ ಬೈದಿದ್ದೇನೋ.

ಅಕ್ಟೋಬರಿನಲ್ಲಿ, ಸೊಸೈಟಿಯವರು ನವರಾತ್ರಿಯ ಗರ್ಬಾ ಕುಣಿತಕ್ಕೆ ಲೈಟು ಕಟ್ಟುತ್ತಿದ್ದ ದಿನ, ಇವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು. ಬಲಗಾಲು ಅರ್ಧ. ಮಾತು ಪೂರ್ತಿ ಹೋಯಿತು. ಉಳಿದದ್ದು ಒಂದೇ ಪದ — ಹೌದು.

ಊಟ ಆಯ್ತಾ? ಹೌದು. ಇನ್ನೂ ಆಗಿಲ್ವಾ? ಹೌದು. ಚಳಿಯಾ? ಹೌದು. ಸೆಕೆಯಾ? ಹೌದು.

ಸ್ಪೀಚ್ ಥೆರಪಿಗೆ ಬರುವ ನಿಶ್ಚಿತಾ ದಾವಣಗೆರೆ ಕಡೆಯವಳು, ಇಲ್ಲೇ ವಸ್ತ್ರಾಪುರದಲ್ಲಿ ಪಿ.ಜಿ. ರೂಮಿನಲ್ಲಿದ್ದಾಳೆ. ಮೊದಲ ದಿನವೇ ಹೇಳಿದ್ದಳು, “ಆಂಟಿ, ಅದು ಅಂಕಲ್ ಕೊಡೋ ಉತ್ತರ ಅಲ್ರೀ. ಆ ಪದ ತಾನಾಗೇ ಬಾಯಿಗೆ ಬರುತ್ತೆ. ಬೇಡ ಅನ್ನಬೇಕಾದ್ರೂ ಅದೇ ಬರುತ್ತೆ. ತಲೆ ಆಡ್ಸೋದನ್ನೂ ನಂಬಬೇಡಿ.”

ಸರಿ. ಬ್ಯಾಟರಿಗೆ ಫೋನ್ ಮಾಡಬೇಕು. ಆರು ವೋಲ್ಟಿನದು ಸುಲಭಕ್ಕೆ ಸಿಗುವುದಿಲ್ಲ.


ಜನವರಿ 10, ಬುಧವಾರ

ಮನಸ್ವಿನಿಯ ವಿಡಿಯೊ ಕಾಲ್, ವಡೋದರಾದಿಂದ. ವಿಷಯ ಮತ್ತೆ ಅದೇ. ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗಿದೆ. ಮಾರ್ಚ್ ಮುಗಿಯುವುದರೊಳಗೆ ಚಾಂದ್‌ಖೇಡಾದ ಈ ಸಾಲುಮನೆಗಳನ್ನೆಲ್ಲ ಖಾಲಿ ಮಾಡಿ ಬಿಲ್ಡರ್ ಕೈಗೆ ಕೊಡಬೇಕು. ನಾವಿಬ್ಬರೂ ಮಗಳ ಫ್ಲಾಟಿಗೆ. ಲಿಫ್ಟ್ ಇದೆ, ವೀಲ್‌ಚೇರಿಗೆ ಸಲೀಸು. ಹಡಗಿಗೆ ಮಾತ್ರ ಜಾಗವಿಲ್ಲ. ಅವರದು ಒಂದರ ಮೇಲೊಂದು ಕಾರು ಎತ್ತಿಡುವ ಪಾರ್ಕಿಂಗ್. ಇದು ಅದರೊಳಗೆ ಹಿಡಿಸುವುದಿಲ್ಲ, ಇದರ ಭಾರ ಅದು ತಡೆಯುವುದಿಲ್ಲ.

“ಮಮ್ಮಿ, ಸೂರತ್ ಅಮೃತ್ ಅಂಕಲ್ ತಗೋತೀನಿ ಹೇಳ್ತಾ ಇದ್ದಾರೆ ನಾ? ದೇ ದೋ, ಕೊಟ್ಬಿಡು. ನಾನು ಪಪ್ಪಾಗೇ ಕೇಳ್ತೀನಿ. ಫೋನ್ ಆ ಕಡೆ ಮಾಡು.”

ತಿರುಗಿಸಿದೆ.

“ಪಪ್ಪಾ, ಕಾರ್ ಅಮೃತ್ ಅಂಕಲ್‌ಗೆ ಕೊಡೋದಾ? ಓಕೆ?”

“ಹೌದು.”

“ದೇಖೋ ಮಮ್ಮಿ! ಪಪ್ಪಾ ಹೌದು ಹೇಳಿದ್ರು.”

ಫೋನ್ ಕಸಿದುಕೊಂಡೆ. “ಅಪ್ಪಾ ನೀವು ಗಗನಯಾತ್ರಿನಾ ಅಂತ ಕೇಳಿ ನೋಡು. ಅದಕ್ಕೂ ಹೌದು ಅಂತಾರೆ.” ಆ ಕಡೆ ಕಾಲ್ ಕಟ್ ಮಾಡಿದಳು. ಅತ್ತಳೋ ಏನೋ. ಬಾಯಿ ಬಿಗಿ ಹಿಡಿಯಬೇಕಿತ್ತು.

ಅಮೃತ್‌ಭಾಯಿ ಸೂರತ್‌ನ ಅಡಾಜಣ್‌ನವರು. ಇವರ ಹಾಗೇ ಹಳೇ ಗಾಡಿಗಳ ಹುಚ್ಚು. ಯಾವ ಕಾಲದಿಂದಲೋ ಸ್ನೇಹ. ಸಿಕ್ಕಾಗೆಲ್ಲ “ರಾವ್ ಸಾಹೇಬ್, ಎಂದಾದರೂ ಕೊಡೋದಾದ್ರೆ ನನಗೇ” ಅನ್ನುತ್ತಿದ್ದರು, ಇವರು ನಗುತ್ತಿದ್ದರು. ಕೆಟ್ಟವರಲ್ಲ. ಕೊಡುವುದೋ ಬಿಡುವುದೋ ಅದು ಆಮೇಲಿನ ಮಾತು. ಗಾಡಿ ಇವರದು. ತೀರ್ಮಾನ ಇವರ ಬಾಯಿಂದ ಬರಬೇಕು. ಆ ಬಾಯಿಯೇ ಇವರ ಮಾತು ಕೇಳುತ್ತಿಲ್ಲ.


ಜನವರಿ 14, ಉತ್ತರಾಯಣ

ಊರೆಲ್ಲ ತಾರಸಿಯ ಮೇಲೆ. ಗಾಳಿಪಟ ಕಡಿದಾಗೆಲ್ಲ “ಕಾಯ್ಪೋ ಛೇ!” ಕೂಗಿ ಕೂಗಿ ಕಿವಿ ತೂತು. ನಾನು ಎಳ್ಳು ಬೆಲ್ಲ ಮಾಡಿದೆ, ಪಕ್ಕದ ಮನೆಯವರು ಉಂಧಿಯು ಪಲ್ಯ ಕೊಟ್ಟರು. ಇವರನ್ನು ಅಂಗಳದಲ್ಲಿ ಕೂರಿಸಿದ್ದೆ. ಕಡಿದ ಗಾಳಿಪಟವೊಂದು ಶೆಡ್ಡಿನೊಳಗೆ ತೇಲಿ ಬಂದು, ದಾರ ಸೀದಾ ಹಡಗಿನ ಬೊಂಬೆಗೇ ಸುತ್ತಿಕೊಂಡಿತು. ನನಗೆ ನಗು ಬಂತು. ಇವರಿಗೂ ಬಂತು — ಅರ್ಧ ಮುಖದ ನಗು.

ಇವರ ಎಡಗೈ ಒಂದು ಕ್ಷಣ ಸುಮ್ಮನಿರುವುದಿಲ್ಲ. ಉಂಧಿಯು ಬಡಿಸುತ್ತಿದ್ದರೆ ತಟ್ಟೆಯ ಅಂಚಿಗೆ ಟಕ್ ಟಕ್. ಶಾಲು ಹೊದಿಸಿದರೆ ಕುರ್ಚಿಯ ಹಿಡಿಗೆ ಟಕ್ ಟಕ್. ತಲೆ ಚಿಟ್ಟು ಹಿಡಿಯುತ್ತದೆ. “ಸ್ವಲ್ಪ ಸುಮ್ನಿರ್ತೀರಾ?” ಎಂದೆ. “ಹೌದು” ಎಂದರು. ಮತ್ತೆ ಟಕ್ ಟಕ್.


ಜನವರಿ 21, ಭಾನುವಾರ



ಅಂಗಡಿಯವನು ಬೆಳಿಗ್ಗೆ ಬ್ಯಾಟರಿ ತಂದ. ಹಳೆಯದನ್ನು ತೆಗೆದ, ಹೊಸದನ್ನು ಕೂರಿಸಿದ, ಎಲ್ಲ ಕಾರಿಗೂ ಕಟ್ಟುವ ಹಾಗೆ ಮೈನಸ್ ವಯರನ್ನು ಗಾಡಿಯ ಬಾಡಿ ತಗಡಿಗೆ ಕಟ್ಟಿದ. ನನಗೆ ಏನೋ ಅನುಮಾನ. ಇವರು ಬ್ಯಾಟರಿ ಮುಟ್ಟುವಾಗೆಲ್ಲ ಏನೋ ಒಂದು ಎಚ್ಚರಿಕೆ ಹೇಳುತ್ತಿದ್ದರು, ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಇವರನ್ನೇ ಕೇಳಿದೆ.

“ರೀ, ಹೀಗೇ ಅಲ್ವಾ ಕಟ್ಟೋದು?”

“ಹೌದು.”

“ಸರಿ ಇದ್ಯಾ?”

“ಹೌದು, ಹೌದು.” ಮುಖ ಕೆಂಪು. ಎಡಗೈ ಮಡ್‌ಗಾರ್ಡಿಗೆ ಟಕ್ ಟಕ್, ಟಕ್ ಟಕ್. ಖುಷಿಗೆ ಅಂದುಕೊಂಡೆ.

ಹೋಗಿ ಕೂತು ಬಟನ್ ಒತ್ತಿದೆ. ಒಂದೇ ಏಟಿಗೆ ಹಿಡಿಯಿತು! ಎಷ್ಟು ವಾರದ ಮೇಲೆ ಆ ಸದ್ದು... ನಾನು ನಗುತ್ತಿದ್ದೆ. ಆಮೇಲೆ ನೋಡುತ್ತೇನೆ, ಮುಂದಿನ ಮೀಟರಿನ ಮುಳ್ಳು ಒಂದೇ ಕಡೆಗೆ ಹೋಗಿ ಬಡಿದುಕೊಂಡಿದೆ. ವಯರು ಸುಟ್ಟ ವಾಸನೆ. ಬಾನೆಟ್ಟಿನೊಳಗಿನಿಂದ ಹೊಗೆ. ಕೀ ತಿರುಗಿಸಿ ಆರಿಸಿದೆ. ಅಂಗಡಿಯವನು ಕೂಗಿಕೊಂಡು ವಯರು ಕಿತ್ತ.

ಇವರು ಅಳುತ್ತಿದ್ದರು. ಅಳುತ್ತಾ “ಹೌದು, ಹೌದು, ಹೌದು” ಅನ್ನುತ್ತಿದ್ದರು. ಕೈ ಮಡ್‌ಗಾರ್ಡಿಗೆ ಬಡಿಯುತ್ತಲೇ ಇತ್ತು.

ಅಮೃತ್‌ಭಾಯಿಗೆ ಫೋನ್ ಮಾಡಿದೆ. ಬೇರೆ ಯಾರಿಗೆ ಮಾಡಲಿ. “ಅರೆ ಭಾಭಿ, ಆ ಗಾಡಿಗೆ ಉಲ್ಟಾ. ಪ್ಲಸ್ ಬಾಡಿ ತಗಡಿಗೆ ಹೋಗಬೇಕು. ಆಗಿನ ಕಾಲದ್ದು ಹಾಗೇ. ಬಹುಶಃ ಬ್ಯಾಟರಿ ಚಾರ್ಜ್ ಮಾಡೋ ಕಟೌಟ್ ಸುಟ್ಟಿದೆ, ಇಂಜಿನ್‌ಗೆ ಏನೂ ಆಗಿರಲ್ಲ. ಮುಟ್ಟಬೇಡಿ, ನಾನೇ ಬರ್ತೀನಿ.” ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.


ಜನವರಿ 23, ಮಂಗಳವಾರ

ಬರೆದಿಡಲೇಬೇಕು.

ಮಧ್ಯಾಹ್ನ ಊಟಕ್ಕೆ ಮಜ್ಜಿಗೆ ಹಾಕುತ್ತಿದ್ದೆ. ತಟ್ಟೆಯ ಅಂಚಿಗೆ ಟಕ್ ಟಕ್. ಕೈ ನಿಲ್ಲಿಸಿದೆ — ನನ್ನ ಕೈ, ತಾನಾಗೇ ನಿಂತಿತು. ಯೋಚಿಸಿ ನಿಲ್ಲಿಸಿದ್ದಲ್ಲ. ಎರಡು ತಟ್ಟಿದರೆ ನಿಲ್ಲಿಸಬೇಕು ಅಂತ ಆ ಕೈಗೆ ಗೊತ್ತಿತ್ತು.

ಈ ಶೆಡ್ಡಿನಲ್ಲಿ ನನಗೆ ಇದ್ದದ್ದು ಒಂದೇ ಕೆಲಸ. ಇವರು ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಾಗ ನಾನು ಸ್ಟೀರಿಂಗ್ ಹಿಂದೆ ಕೂರಬೇಕು. ಇಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಬಾನೆಟ್ ಅಡ್ಡ, ಮುಖವೂ ಕಾಣುವುದಿಲ್ಲ. ಕಾಣುವುದು ಮಡ್‌ಗಾರ್ಡಿನ ಮೇಲಿನ ಕೈ ಒಂದೇ. ಒಂದು ತಟ್ಟಿದರೆ ಬಟನ್ ಒತ್ತು. ಎರಡು ತಟ್ಟಿದರೆ ನಿಲ್ಲಿಸು. ಅಂಗೈಯಿಂದ ಸವರಿದರೆ, ಹಾಗೇ ಓಡುತ್ತಿರಲಿ, ಮುಟ್ಟಬೇಡ. ಯಾರೂ ಕುಳಿತು ಮಾಡಿದ ನಿಯಮವಲ್ಲ. ಭಾನುವಾರಗಳಲ್ಲಿ ತಾನಾಗಿ ಆದದ್ದು.

“ಟಿ.ವಿ. ಹಾಕ್ಲಾ?” ಎಂದೆ. ಬಾಯಿ: “ಹೌದು.” ಕೈ: ಎರಡು.

ಹಾಕಿದೆ. ಟಕ್ ಟಕ್, ಟಕ್ ಟಕ್. ಆರಿಸಿದೆ. ಕೈ ಸುಮ್ಮನಾಯಿತು.

“ಕಾಫಿ ಮಾಡ್ಲಾ?” ಬಾಯಿ: “ಹೌದು.” ಕೈ: ಒಂದೇ ಒಂದು.

ಅಡುಗೆಮನೆಗೆ ಹೋಗಿ ಸ್ಟವ್ ಮುಂದೆ ನಿಂತು ಅತ್ತೆ. ಹಾಲು ಉಕ್ಕಿ ಹೋಯಿತು. ಮೊನ್ನೆ ಆ ಮನುಷ್ಯ ನಿಲ್ಲಿಸು ನಿಲ್ಲಿಸು ಅಂತ ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರು. ನಾನು ಬಾಯಿ ನೋಡುತ್ತಾ ಕೂತಿದ್ದೆ.


ಜನವರಿ 25

ನಿಶ್ಚಿತಾಗೆ ತೋರಿಸಿದೆ. ಮೊದಲು ನಂಬಲಿಲ್ಲ. ಅವಳದೇ ಕಾರ್ಡು, ಚಿತ್ರ ಎಲ್ಲ ಹರವಿ ತಿರುಗಾ ಮುರುಗಾ ಕೇಳಿದಳು. ಬಾಯಿ ಎಲ್ಲಕ್ಕೂ ಹೌದು. ಕೈ ಒಂದೂ ತಪ್ಪಲಿಲ್ಲ. “ಎಲ್ಲರಿಗೂ ಹಿಂಗೆ ಇರಲ್ಲ ಆಂಟಿ. ಮಾತು ಹೋದ ಜಾಗ ಬೇರೆ, ಇದು ಉಳಿದಿರೋ ಜಾಗ ಬೇರೆ ಅನ್ಸುತ್ತೆ. ಬಿಡಬೇಡಿ, ಇದ್ರಲ್ಲೇ ಮಾತಾಡ್ಸಿ.” ಹೋಗುವಾಗ ಇವರ ಎಡಗೈ ಹಿಡಿದು, “ನಮಸ್ಕಾರ ಅಂಕಲ್, ಇವತ್ತು ನಿಮ್ ಪರಿಚಯ ಆಯ್ತು” ಅಂದಳು.


ಫೆಬ್ರವರಿ 4, ಭಾನುವಾರ

ಎಷ್ಟೆಲ್ಲ ಕೇಳಿದೆ ಈ ದಿನಗಳಲ್ಲಿ! ಉಪ್ಪಿಟ್ಟು ಬೇಡ, ಅವಲಕ್ಕಿ ಬೇಕು. ನೀಲಿ ಸ್ವೆಟರ್ ಚುಚ್ಚುತ್ತದೆ. ಪಕ್ಕದ ಮನೆಯ ಪಟೇಲರು ಬಂದು ಕೂತರೆ ಸುಸ್ತು. ಮಾಲೀಷು ಮಾಡುವವನು ಒರಟ. ನಾಲ್ಕು ತಿಂಗಳಿನಿಂದ ಇದೆಲ್ಲವನ್ನೂ ಹೌದು ಹೌದು ಅಂತ ನುಂಗಿಕೊಂಡು ಕೂತಿದ್ದರು.

ಒಂದು ಮಾತ್ರ ಕೇಳಿಲ್ಲ. ಬಾಯಿಯವರೆಗೆ ಬರುತ್ತದೆ. ಪಾತ್ರೆ ತೊಳೆಯಲು ಎದ್ದು ಹೋಗುತ್ತೇನೆ.

ಭಯ. ಎರಡು ತಟ್ಟಿದರೆ ಆ ಗಾಡಿಯನ್ನು ಎಲ್ಲಿ ಇಡಲಿ? ಒಂದು ತಟ್ಟಿದರೆ... ಅದಕ್ಕೆ ಯಾಕೆ ಭಯ ಅಂತ ನನಗೇ ತಿಳಿಯುತ್ತಿಲ್ಲ.


ಫೆಬ್ರವರಿ 18, ಭಾನುವಾರ

ಮನಸ್ವಿನಿ, ಅಳಿಯ ಯಶವಂತ್ ಬಂದಿದ್ದರು. ಡಬ್ಬ ಕಟ್ಟುವುದು ಶುರು. ಅಪ್ಪನ ಕೈಯ ವಿಷಯ ಫೋನಿನಲ್ಲಿ ಹೇಳಿದ್ದೆ, ನಂಬಿರಲಿಲ್ಲ. ಅವಳೇ ಕುಕ್ಕರುಗಾಲಲ್ಲಿ ಕೂತು ಕೇಳಿದಳು, “ಪಪ್ಪಾ, ನಾನು ಜಾಡಿ ಆಗಿದ್ದೀನಾ?” ಇಲ್ಲಿನವರ ಭಾಷೆಯಲ್ಲಿ ದಪ್ಪ ಅಂತ. ಬಾಯಿ ಹೌದು ಅಂದಿತು. ಕೈಯೂ ಒಂದೇ ತಟ್ಟಿತು. ನಕ್ಕಳು, ಅಪ್ಪನ ಮಡಿಲಲ್ಲಿ ಮುಖ ಇಟ್ಟು ತುಂಬ ಹೊತ್ತು ಅತ್ತಳು.

ಯಶವಂತ್ ಮೆಲ್ಲಗೆ ಎಂದ, “ಅತ್ತೆ, ಹಾಗಾದ್ರೆ ಗಾಡಿ ವಿಷಯಾನೂ ಮಾವನವರನ್ನೇ ಕೇಳ್ಬಿಡಬಹುದಲ್ವಾ. ನಾವ್ಯಾಕೆ ತಲೆ ಕೆಡಿಸ್ಕೋಬೇಕು.”

“ಊಟದ ಮೇಜಿನ ಮೇಲೆ ಕೇಳೋ ಮಾತಲ್ಲ ಅದು” ಎಂದೆ. “ಇಂಜಿನ್ ಓಡ್ತಾ ಇರುವಾಗ ಕೇಳ್ತೀನಿ. ಸುಟ್ಟ ಗಾಡಿ ಮುಂದೆ ನಿಲ್ಸಿ ಕೇಳಿದ್ರೆ ಯಾರಾದ್ರೂ ಏನು ಹೇಳ್ತಾರೆ?”

ಮಾತು ಸರಿಯೇ. ಆದರೂ ದಿನ ತಳ್ಳುತ್ತಿದ್ದೇನೆ ಅಂತ ಇವರಿಗೆ ಗೊತ್ತಾಗಿದೆ. ನನ್ನನ್ನೇ ನೋಡುತ್ತಿದ್ದರು.


ಮಾರ್ಚ್ 3, ಭಾನುವಾರ

ಅಮೃತ್‌ಭಾಯಿ ಸೂರತ್‌ನಿಂದ ಬೆಳಗಿನ ರೈಲಿಗೆ ಬಂದರು. ಬ್ಯಾಗಿನಲ್ಲಿ ಹೊಸ ಕಟೌಟ್, ಜೊತೆಗೆ ಒಂದು ಡಬ್ಬ ಘಾರಿ ಮಿಠಾಯಿ. ನಡುವಯಸ್ಸು ದಾಟಿದ ದೊಡ್ಡ ವ್ಯಾಪಾರಿ, ಅಂಗಿಯ ತೋಳು ಮಡಚಿ ನೆಲದ ಮೇಲೆ ಮಲಗಿಯೇ ಬಿಟ್ಟರು. ಪ್ರತಿಯೊಂದು ವಯರು ಕಟ್ಟುವ ಮುಂಚೆ ಇವರ ಕಡೆ ಹಿಡಿದು ತೋರಿಸುವರು. ಒಂದು ತಟ್ಟಿದರೆ ಕಟ್ಟುವರು. ಬ್ಯಾಟರಿಯ ವಯರು ಹಿಡಿದಾಗ ಇವರು ಎರಡು ತಟ್ಟಿದರು. ಅಮೃತ್‌ಭಾಯಿ ಬಗ್ಗಿ ನೋಡಿ ತಲೆ ಚಚ್ಚಿಕೊಂಡರು. “ರಾವ್ ಸಾಹೇಬ್, ನಾನೂ ಸುಡ್ತಿದ್ದೆ!” ಪ್ಲಸ್ಸನ್ನು ಬಾಡಿ ತಗಡಿಗೆ ಕಟ್ಟಿದರು.

ನಾನು ಸೀಟಿನಲ್ಲಿ. ಕೈ ನೋಡುತ್ತಾ ಕೂತೆ. ಒಂದು ತಟ್ಟು. ಒತ್ತಿದೆ.

ಹಿಡಿಯಿತು. ವಾಸನೆಯಿಲ್ಲ, ಹೊಗೆಯಿಲ್ಲ. ಮುಳ್ಳು ಅದರ ಜಾಗದಲ್ಲಿ. ಇವರ ಅಂಗೈ ಮಡ್‌ಗಾರ್ಡ್ ಸವರತೊಡಗಿತು. ಓಡಲಿ, ಮುಟ್ಟಬೇಡ. ಅಮೃತ್‌ಭಾಯಿ ಕೈ ಒರೆಸಿಕೊಳ್ಳುತ್ತಾ ನಿಂತರು. ಪಟೇಲರ ಮನೆಯವರೂ ಗೇಟಿಗೆ ಬಂದರು. 

ಕೇಳಬಹುದಿತ್ತು. ಕೇಳಲಿಲ್ಲ.

ಹೊರಡುವಾಗ ಅಮೃತ್‌ಭಾಯಿ ಹೇಳಿದರು, “ಭಾಭಿ, ಅವರು ಹೇಳೋ ತನಕ ನಾನು ಈ ಗಾಡಿ ವಿಷಯ ಎತ್ತಲ್ಲ. ಬೇಡ ಅಂದ್ರೂ ಬರ್ತೀನಿ, ಸರ್ವೀಸಿಗೆ.”


ಮಾರ್ಚ್ 10, ಭಾನುವಾರ

ಕೇಳಿದೆ.

ನಾವಿಬ್ಬರೇ. ಇಂಜಿನ್ ಸಣ್ಣಗೆ ಓಡುತ್ತಿತ್ತು. ನಾನು ಸ್ಟೀರಿಂಗ್ ಹಿಂದೆ, ಇವರು ತಮ್ಮ ಜಾಗದಲ್ಲಿ. ಮುಖ ನೋಡಿ ಕೇಳುವ ಧೈರ್ಯ ಬರಲಿಲ್ಲ. ಗಾಜಿನಾಚೆ ಕೈ ಕಾಣುತ್ತಿತ್ತು, ಅದು ಸಾಕು. ಕಿಟಕಿಯಿಂದ ಕೂಗಿದೆ.

“ರೀ, ಹಡಗನ್ನ ಅಮೃತ್‌ಭಾಯಿಗೆ ಕೊಟ್ಬಿಡೋಣ್ವಾ?”

ಸವರುತ್ತಿದ್ದ ಕೈ ನಿಂತಿತು. ಹಾಗೇ ಇತ್ತು. ಆಮೇಲೆ ಎದ್ದು, ಒಂದು ಸಲ ತಟ್ಟಿತು.

ತಪ್ಪಿ ಬಿತ್ತೇನೋ. “ಇಟ್ಕೊಳ್ಳೋಣ್ವಾ?”

ಎರಡು.

“ಇಲ್ಲಿ ಕೇಳಿ. ವಡೋದರಾದಲ್ಲೇ ಎಲ್ಲಾದ್ರೂ ಒಂದು ಶೆಡ್ ಹುಡುಕ್ತೀನಿ. ಭಾನುವಾರ ಭಾನುವಾರ ಇಬ್ರೂ ಆಟೋ ಮಾಡ್ಕೊಂಡು ಹೋಗೋಣ. ಸ್ಟಾರ್ಟ್ ಮಾಡಿ ಬರೋಣ. ಇಟ್ಕೊಳ್ಳೋಣ್ವಾ?”

ಎರಡು. ಜೋರಾಗಿ. ತಗಡು ಸದ್ದು ಮಾಡಿತು.

ಇಳಿದು ಹೋಗಿ ಎದುರಿಗೆ ನಿಂತು ಜಗಳವಾಡಿದೆ. ಇಷ್ಟು ವರ್ಷ ನನ್ನ ಭಾನುವಾರಗಳನ್ನೆಲ್ಲ ತಿಂದು, ಈಗ ಕೊಟ್ಟುಬಿಡು ಅನ್ನುತ್ತೀರಾ? ಯಾರನ್ನು ಕೇಳಿ? ಗೇಟಿನಾಚೆ ಹೋಗುವವರು ತಿರುಗಿ ನೋಡಿದರು. ಇವರು “ಹೌದು” ಅಂದರು. ಕಣ್ಣಲ್ಲಿ ನೀರು, ಆದರೆ ಮುಖ ಶಾಂತ. ನನಗೆ ಇವರ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ನನಗೆ ಎರಡು ತಟ್ಟು ಬೇಕಾಗಿತ್ತು. ಮೊದಲ ಪ್ರಶ್ನೆಗೇ. ಅದಕ್ಕೇ ಇಷ್ಟು ದಿನ ಕೇಳದೆ ಉಳಿದದ್ದು.


ಮಾರ್ಚ್ 11

ರಾತ್ರಿ ನಿದ್ದೆಯಿಲ್ಲದೆ ಯೋಚಿಸಿದೆ. ಇವರು ಸರಿ. ವಾರಕ್ಕೊಮ್ಮೆ ನಿಂತಲ್ಲೇ ಗುರುಗುಟ್ಟಿಸಿ ಮತ್ತೆ ಮುಸುಕು ಹಾಕಿದರೆ ಅದು ಗಾಡಿಯಲ್ಲ. ಸೂರತ್‌ನಲ್ಲಿ ಅದು ರಸ್ತೆಗೆ ಇಳಿಯುತ್ತದೆ. ಇವರಿಗೆ ಬೇಕಾದದ್ದು ಅದು ಓಡುವುದು. ತನ್ನ ಪಕ್ಕದಲ್ಲೇ ಇರಬೇಕು ಅಂತಲ್ಲ.

ನನಗೆ ಬೇಕಾದದ್ದು ಬೇರೆ. ಸ್ಟೀರಿಂಗ್ ಹಿಂದೆ ಕೂತು ಆ ಕೈಗೆ ಕಾಯುವುದು. ಇದನ್ನು ಯಾರಿಗೂ ಹೇಳಲಾರೆ.

ಅಮೃತ್‌ಭಾಯಿಗೆ ಫೋನ್ ಮಾಡಿದೆ. ಗಾಡಿ ನಿಮಗೇ ಅಂದೆ. “ಟ್ರೇಲರ್ ತರಲಾ?” ಎಂದರು. ಫೋನನ್ನು ಇವರ ಕಿವಿಗೆ ಹಿಡಿದೆ. ಕುರ್ಚಿಯ ಹಿಡಿಗೆ ಎರಡು. “ಓಡಿಸ್ಕೊಂಡೇ ಹೋಗಲಾ?” ಒಂದು.


ಮಾರ್ಚ್ 24, ಭಾನುವಾರ, ಸಂಜೆ

ಹೋಯಿತು.

ಬೆಳಿಗ್ಗೆ ಅವಲಕ್ಕಿ ಮಾಡಿದೆ, ಅಮೃತ್‌ಭಾಯಿಯೂ ತಿಂದರು. ಇವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದೆ. ಹಡಗಿನ ಬೊಂಬೆಯಲ್ಲಿ ಉತ್ತರಾಯಣದ ದಾರ ಇನ್ನೂ ಸಿಕ್ಕಿಕೊಂಡಿತ್ತು. ಬಿಡಿಸಲು ಹೋದೆ. ಎರಡು ತಟ್ಟಿದರು. ಬಿಟ್ಟೆ.

ಅಮೃತ್‌ಭಾಯಿ ಡ್ರೈವರ್ ಬಾಗಿಲು ತೆಗೆದು ನಿಂತರು. “ಭಾಭಿ, ಇವತ್ತು ನೀವೇ ಸ್ಟಾರ್ಟ್ ಮಾಡಿ ಕೊಡಿ.”

ಕೂತೆ. ಚೋಕ್ ಎಳೆದೆ, ಕೀ ತಿರುಗಿಸಿದೆ. ಬೆರಳು ಬಟನ್ ಮೇಲೆ. ಗಾಜಿನಾಚೆ ಕೈ.

ಒಂದು ತಟ್ಟಿದರು. ನಾನು ಒತ್ತಲಿಲ್ಲ. ಆ ಸೀಟಿನಲ್ಲಿ ಕೂತು ಇವರ ಮಾತು ಮೀರಿದ್ದು ಅದೇ ಮೊದಲು. ಸುಮ್ಮನೆ ಕಾದರು. ಇನ್ನೊಮ್ಮೆ, ಒಂದೇ. ಆಗಲೂ ಆಗಲಿಲ್ಲ. ಅಮೃತ್‌ಭಾಯಿ ಆ ಕಡೆ ತಿರುಗಿ ನಿಂತರು. ಮೂರನೇ ಸಲ ಇವರು ತಟ್ಟಿದ್ದು ಕೇಳಿಸಲೂ ಇಲ್ಲ, ಅಷ್ಟು ಮೆತ್ತಗೆ. ಒತ್ತಿದೆ.

ಗೇಟು ದಾಟಿ, ಪಟೇಲರ ಮನೆ ದಾಟಿ, ಮುಖ್ಯರಸ್ತೆಗೆ ತಿರುಗುವಾಗ ಅಮೃತ್‌ಭಾಯಿ ಒಮ್ಮೆ ಹಾರ್ನ್ ಮಾಡಿದರು. ಸದ್ದು ಕೇಳುವಷ್ಟು ಹೊತ್ತೂ ಇಬ್ಬರೂ ಅಲ್ಲೇ ಇದ್ದೆವು. ಮಧ್ಯಾಹ್ನ ಮನಸ್ವಿನಿ ಫೋಟೊ ಕಳಿಸಿದಳು, ವಡೋದರಾದಲ್ಲಿ ಅವಳ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಹಡಗು, ಸುತ್ತ ಜನ. ಇವರಿಗೆ ತೋರಿಸಿದೆ. ನೋಡಿದರು. ಇನ್ನೊಮ್ಮೆ ತೋರಿಸು ಅಂತ ಒಂದು ತಟ್ಟು.

ಈಗ ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗೆಲ್ಲ ಡಬ್ಬಗಳು. ಇವರು ಒಳಗೆ ಬರಲು ಒಪ್ಪದೆ ಅದೇ ಜಾಗದಲ್ಲಿ ಕುರ್ಚಿ ನಿಲ್ಲಿಸಿಕೊಂಡಿದ್ದಾರೆ. ಪಕ್ಕದಲ್ಲಿ ಮಡ್‌ಗಾರ್ಡ್ ಇಲ್ಲ. ನೆಲದ ಮೇಲೆ ಎಣ್ಣೆಯ ಕಲೆ. ಎಡಗೈ ಗಾಳಿಯಲ್ಲಿ ಒಂದು ಸಲ ಎದ್ದು, ಏನೂ ಸಿಗದೆ ಮಡಿಲಿಗೆ ಬಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸ್ಟೂಲ್ ಎಳೆದುಕೊಂಡು ಅವರ ಎಡಕ್ಕೆ ಕೂತೆ, ಬಿಕ್ಕಿ ಬಿಕ್ಕಿ ಅತ್ತೆ, ಪುಸ್ತಕವೆಲ್ಲ ಒದ್ದೆ.

ಕೈ ನನ್ನ ಬೆನ್ನಿಗೆ ಬಂತು. ಎರಡು ತಟ್ಟುತ್ತಾರೆ, ಸಾಕು ನಿಲ್ಲಿಸು ಅನ್ನುತ್ತಾರೆ ಅಂದುಕೊಂಡೆ. ತಟ್ಟಲಿಲ್ಲ. ಅಂಗೈ ಊರಿ, ನಿಧಾನವಾಗಿ ಸವರತೊಡಗಿದರು. ಇನ್ನೂ ಸವರುತ್ತಲೇ ಇದ್ದಾರೆ. ಅದಕ್ಕೇ ನಾನೂ ನಿಲ್ಲಿಸದೆ ಬರೆಯುತ್ತಾ...